ನೌವಾರಿ ಉಡಿಸುವುದು: ಬೆನ್ನ ಹಿಂದಿನ ಕೆಲಸ

ಅಂಚೆಚೀಟಿಯಷ್ಟು ಚಿಕ್ಕ ಚಿತ್ರದಲ್ಲಿ ಮರಾಠಿ ಮದುಮಗಳನ್ನು ಗುರುತಿಸಲು ನತ್ತು, ಹಣೆಗೆ ಕಟ್ಟುವ ಮಾಲೆಯಾದ ಮುಂಡಾವಳಿ, ಹಸಿರು ಬಳೆ ಇಷ್ಟಿದ್ದರೆ ಸಾಕು. ನೌವಾರಿ ಸೀರೆ ಉಡಿಸುವವರ ಕೆಲಸವೆಲ್ಲ ಇರುವುದು ಮಾತ್ರ ಚಿತ್ರಕ್ಕೆ ಸಿಗದ ಬೆನ್ನ ಹಿಂದೆ, ಕಚ್ಚೆಯಲ್ಲಿ. ಮರಾಠಿಯಲ್ಲಿ ಅದಕ್ಕೆ ಕಾಷ್ಟಾ ಎನ್ನುತ್ತಾರೆ.

ನೌವಾರಿ ಎಂದರೆ ಒಂಬತ್ತು ಗಜದ ಸೀರೆ, ಸುಮಾರು 8.2 ಮೀಟರ್. ಒಳಗೆ ಲಂಗ ಬೇಡ, ಮೊಣಕಾಲಿನ ಕೆಳಗೆ ಬರುವ ಬಿಗಿ ಹತ್ತಿ ಚಡ್ಡಿ ಸಾಕು. ಸ್ಯಾಟಿನ್ ಬಟ್ಟೆಯದನ್ನು ನಾನು ಒಪ್ಪುವುದಿಲ್ಲ, ಅದರ ಮೇಲೆ ರೇಷ್ಮೆ ನಿಲ್ಲದೆ ಜಾರುತ್ತದೆ.

ಸೀರೆಯನ್ನು ಬೆನ್ನ ಹಿಂದಿನಿಂದ ಸುತ್ತಿ ಮುಂದೆ ತರುತ್ತೇನೆ. ಬಲಗೈ ಕಡೆ ಒಂದೂಕಾಲು ಮೀಟರ್, ಉಳಿದದ್ದೆಲ್ಲ ಎಡಕ್ಕೆ. ಎರಡೂ ಕಡೆಯ ಮೇಲಂಚು ಹಿಡಿದು ಹೊಕ್ಕುಳ ಮೇಲೆ ಎರಡು ಗಂಟು. ಈ ಗಂಟು ಸಡಿಲವಾದರೆ ಮುಂದೆ ಎಷ್ಟು ಪಿನ್ನು ಚುಚ್ಚಿದರೂ ವ್ಯರ್ಥ. ಆಮೇಲೆ ಸೆರಗು: ಎಡಸೊಂಟ, ಬೆನ್ನು, ಬಲಕಂಕುಳ ಕೆಳಗಿನಿಂದ ಎದೆ ದಾಟಿ ಎಡಭುಜಕ್ಕೆ. ಗಂಟಿಗೂ ಎಡಸೊಂಟಕ್ಕೂ ನಡುವೆ ಉಳಿದ ಬಟ್ಟೆಯೇ ನಿರಿಗೆ. ಪೈಠಣಿ ರೇಷ್ಮೆ ಸೀರೆ ದಪ್ಪ, ಏಳೆಂಟು ಅಗಲ ನಿರಿಗೆ ಮಾಡಿದರೆ ಸಾಕು. ಸಣ್ಣದಾಗಿ ಹಿಡಿದರೆ ಹೊಟ್ಟೆಯ ಮುಂದೆ ಗಂಟುಮೂಟೆ ಕಟ್ಟಿದಂತಾಗುತ್ತದೆ.

ಈಗ ಕಚ್ಚೆ. ಬಲಗಡೆಯ ಗಿಡ್ಡ ಭಾಗದ ಕೆಳಅಂಚನ್ನು ಕಾಲುಗಳ ನಡುವೆ ಹಿಂದಕ್ಕೆ ಎಳೆದು, ಅಂಚನ್ನು ಒಂದೊಂದು ಅಂಗುಲಕ್ಕೆ ಮಡಚುತ್ತ ಬೆನ್ನೆಲುಬಿನ ನೇರಕ್ಕೆ ಸೊಂಟದಲ್ಲಿ ಸಿಕ್ಕಿಸಬೇಕು. ಜರಿ ಅಂಚು ನೆಟ್ಟಗೆ ಕಾಣಬೇಕು, ಎಡಕ್ಕೋ ಬಲಕ್ಕೋ ವಾಲಬಾರದು. ಹೆಚ್ಚಿನವರು ಎಡವುವುದು ಇಲ್ಲಿಯೇ: ನಿಂತ ಭಂಗಿಯಲ್ಲಿ ಬಿಗಿಯಾಗಿ ಎಳೆದು ಮುಗಿಸಿಬಿಡುತ್ತಾರೆ. ಹುಡುಗಿ ಹೋಮದ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿದೊಡನೆ ಕಚ್ಚೆ ಕಿತ್ತು ಬರುತ್ತದೆ. ಅದಕ್ಕೇ ಕೊನೆಯ ಸಿಕ್ಕಿಸುವಿಕೆಗೆ ಮುಂಚೆ ಅವಳನ್ನು ಒಮ್ಮೆ ಕೂರಿಸಿ, ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸುತ್ತೇನೆ. ಬೇಕಾದ ಸಡಿಲ ಎಷ್ಟೆಂದು ಬಟ್ಟೆಯೇ ಹೇಳುತ್ತದೆ.

ಪಿನ್ನನ್ನು ಜರಿಗೆ ನೇರವಾಗಿ ಚುಚ್ಚಬೇಡಿ, ಎಳೆ ಕಿತ್ತರೆ ಸರಿಮಾಡಲಾಗದು. ಕೆಳಗೊಂದು ಹತ್ತಿ ತುಂಡು ಇಟ್ಟು ಚುಚ್ಚಿ. ಇಳಕಲ್ ಸೀರೆಯಾದರೆ ಇನ್ನೊಂದು ಎಚ್ಚರ. ಒಂಬತ್ತು ಗಜದ ಇಳಕಲ್ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ನೇಯ್ದದ್ದಾದರೂ ಮಹಾರಾಷ್ಟ್ರದ ಮನೆಗಳಿಗೆ ಹೊಸದಲ್ಲ. ಅದರಲ್ಲಿ ಸೀರೆಯ ಮೈಯ ಹಾಸು (ಉದ್ದದ) ಎಳೆಗೂ ಸೆರಗಿನ ಹಾಸು ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ; ಅದೇ ತೋಪು ತೆನಿ. ಆ ಜೋಡಣೆಯ ಗೆರೆ ಭುಜದ ಪಿನ್ನಿಗೆ ಸಿಗದಂತೆ ಸೆರಗನ್ನು ನಾಲ್ಕು ಬೆರಳು ಜರುಗಿಸಿಕೊಳ್ಳಿ.

ಹಲವು ಮನೆಗಳಲ್ಲಿ ಮುಹೂರ್ತಕ್ಕೆ ಸೋದರಮಾವ ಕೊಟ್ಟ ಹಳದಿ ಸೀರೆ, ಆಮೇಲೆ ಶಾಲೂ ಎಂಬ ಜರಿ ಸೀರೆ ಅಥವಾ ಪೈಠಣಿ. ನಡುವೆ ಸಿಗುವುದು ಅರ್ಧ ಗಂಟೆ ಇದ್ದರೂ ಇತ್ತು. ಎರಡನೇ ಸೀರೆಯ ಸೆರಗನ್ನು ಹಿಂದಿನ ರಾತ್ರಿಯೇ ಮಡಚಿ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಡುತ್ತೇನೆ. ಹೊಲಿದ ರೆಡಿಮೇಡ್ ನೌವಾರಿ ಐದೇ ನಿಮಿಷದ ಕೆಲಸ, ನಿಜ. ಆದರೆ ಸೊಂಟದ ಅಳತೆ ಒಂದಂಗುಲ ತಪ್ಪಿದರೂ ಹಿಂದಿನ ಅಂಚು ಪೈಜಾಮದ ಹೊಲಿಗೆಯಂತೆ ಕಾಣುತ್ತದೆ.

ಹಸಿರು ಗಾಜಿನ ಬಳೆ ಮೊದಲೇ ತೊಟ್ಟಿರುತ್ತಾರೆ. ಉಡಿಸುವಾಗ ಎರಡೂ ಕೈಗೆ ಮೆತ್ತನೆ ಕರವಸ್ತ್ರ ಸುತ್ತಿಬಿಡಿ, ಇಲ್ಲದಿದ್ದರೆ ಸೆರಗು ಎಳೆಯುವ ಹೊತ್ತಿಗೆ ಒಂದೆರಡು ಒಡೆದೇ ಒಡೆಯುತ್ತವೆ, ಅಜ್ಜಿಯಂದಿರ ಮುಖ ಸಪ್ಪಗಾಗುತ್ತದೆ. ಮುಂಡಾವಳಿಯ ದಾರವನ್ನು ತುರುಬಿನ ಮೇಲೆ ಕಟ್ಟದೆ ಅದರ ಕೆಳಗೆ ಕಟ್ಟಿ, ಎರಡೂ ಕಿವಿಯ ಹಿಂದೆ ಒಂದೊಂದು ಹೇರ್‌ಪಿನ್ ಕೊಡಿ. ಹಾರ ಹಾಕಲು ತಲೆ ಬಾಗಿಸಿದಾಗ ಅದು ಕಣ್ಣ ಮೇಲೆ ಇಳಿಯುವುದಿಲ್ಲ. ಮೂಗು ಚುಚ್ಚಿಸಿಕೊಳ್ಳದವರಿಗೆ ಒತ್ತು ನತ್ತು ಇದೆ. ಮುತ್ತಿನ ಭಾರಕ್ಕೆ ಅದು ಜಾರುವುದರಿಂದ ಹಗುರದ್ದನ್ನೇ ಆರಿಸಿ, ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಿ. ಶೇಲಾವನ್ನು, ಅಂದರೆ ಭುಜದ ಮೇಲೆ ಹೊದೆಯುವ ಶಲ್ಯವನ್ನು, ಸೆರಗಿನ ಪಿನ್ನಿಗೇ ಸೇರಿಸಬೇಡಿ. ವರನ ಉತ್ತರೀಯಕ್ಕೆ ಅದನ್ನು ಗಂಟು ಹಾಕುತ್ತಾರೆ; ಸಪ್ತಪದಿಯಲ್ಲಿ ಅವನು ಒಂದು ಹೆಜ್ಜೆ ಮುಂದಿಟ್ಟರೆ ಸೆರಗೂ ಅವನ ಹಿಂದೆಯೇ ಹೊರಡುತ್ತದೆ.