ನಾಯಿ ಮಲಗಿದಾಗ ನನ್ನ ಓದು

ನಿವೃತ್ತಿಯಾದ ಮೇಲೆ ನನ್ನ ದಿನಕ್ಕೆ ಒಂದು ಕ್ರಮ ತಂದುಕೊಟ್ಟಿದ್ದು ನಾಯಿಗಳು. ಮನೆಯಲ್ಲಿ ಎರಡಿವೆ. ಕರಿಯನಿಗೆ ವಯಸ್ಸಾಗಿದೆ, ಚಿನ್ನಿಗೆ ಇನ್ನೂ ಹುಡುಗಾಟ. ಇಡೀ ದಿನ ಬಿಡುವಿದ್ದರೆ ಓದು ‘ಆಮೇಲೆ ನೋಡೋಣ’ ಅಂತ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಇವರ ಊಟ, ತಿರುಗಾಟ, ನಿದ್ದೆ ಹೊತ್ತುಹೊತ್ತಿಗೆ ಆಗತೊಡಗಿದಾಗ ನನ್ನ ಓದಿಗೂ ಜಾಗ ಸಿಕ್ಕಿತು.

ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊರಡುತ್ತೇವೆ. ತಡವಾದರೆ ಮೊದಲು ಮುಂಗೈಯನ್ನು ರಸ್ತೆಗೆ ಒತ್ತಿ ನೋಡುತ್ತೇನೆ. ಐದಾರು ಸೆಕೆಂಡ್ ಇಡಲಾಗದಿದ್ದರೆ ಅವುಗಳ ಪಾದಕ್ಕೂ ಸುಡುತ್ತದೆ. ಬಿರುಸಾಗಿ ನಡೆಯುವ ಗೋಜಿಗೆ ನಾವು ಹೋಗುವುದಿಲ್ಲ. ಕರಿಯ ಕಂಬದ ಬುಡದಲ್ಲಿ ನಿಂತರೆ ಅವನಿಗೆ ಸಾಕೆನಿಸುವವರೆಗೂ ನಾನೂ ನಿಲ್ಲುತ್ತೇನೆ. ನಾಯಿಗೆ ಮೂಸುವುದೇ ಮುಖ್ಯ, ನಡಿಗೆ ಆಮೇಲಿನ ಮಾತು. ಅವಸರದಲ್ಲಿ ಎಳೆದುಕೊಂಡು ಬಂದ ದಿನ ಚಿನ್ನಿ ಮನೆಯೊಳಗೂ ಸುಮ್ನಿರದೆ ಸುತ್ತುತ್ತಾಳೆ. ಮನಸಾರೆ ಮೂಸಿ ಬಂದ ದಿನ ತಿಂದು ಮಲಗಿಬಿಡುತ್ತಾಳೆ. ಬೆಳೆದ ನಾಯಿ ದಿನಕ್ಕೆ ಸುಮಾರು 12ರಿಂದ 14 ಗಂಟೆ ನಿದ್ದೆ ಮಾಡುತ್ತದೆ, ವಯಸ್ಸಾದವು ಇನ್ನೂ ಜಾಸ್ತಿ. ಓದುವವರಿಗೆ ಇದಕ್ಕಿಂತ ಏನು ಬೇಕು, ಅಲ್ವಾ?

ಕಪಾಟಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಪುಸ್ತಕಗಳ ನಡುವೆ ನ್ಯಾಫ್ತಲೀನ್ ಗುಳಿಗೆ ಇಡುವ ರೂಢಿ ಹಲವರಿಗಿದೆ. ನಾಯಿ ಇರುವ ಮನೆಯಲ್ಲಿ ಅದು ಬೇಡವೇ ಬೇಡ. ಒಂದು ಗುಳಿಗೆ ನುಂಗಿದರೂ ರಕ್ತದ ಕೆಂಪು ಕಣಗಳು ಒಡೆದು ಜೀವಕ್ಕೆ ಕುತ್ತು ಬರಬಹುದು. ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ಬೇಕಾದದ್ದು ತೇವ, ಕತ್ತಲೆ, ಹಳೆಯ ರಟ್ಟಿನ ಅಂಟು. ಹಾಗಾಗಿ ಕಪಾಟನ್ನು ಗೋಡೆಯಿಂದ ಸ್ವಲ್ಪ ದೂರ ಇಟ್ಟಿದ್ದೇನೆ. ಆಗಾಗ ಪುಸ್ತಕಗಳನ್ನು ಹೊರತೆಗೆದು, ಒರೆಸಿ, ಗಾಳಿಗೆ ಹರವುತ್ತೇನೆ. ಕೆಳಗಿನ ಅರೆಯಲ್ಲಿ ಪುಸ್ತಕವೇ ಇಲ್ಲ. ಅಲ್ಲಿ ಬ್ರಷ್, ಟವೆಲ್, ಕೊರಳಪಟ್ಟಿ ಇರುತ್ತವೆ. ಮರಿಗೆ ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುವ ಕಾಲದಲ್ಲಿ ಒಸಡು ನವೆಯಾಗಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಆಗ ಬೈದು ಪ್ರಯೋಜನವಿಲ್ಲ, ಕಚ್ಚಲು ಬೇರೆ ಏನಾದರೂ ಕೊಡಬೇಕು.

ಕರಿಯ ಏಳುವಾಗ ಮುಂಗಾಲು ಊರಿ, ಸ್ವಲ್ಪ ತಡೆದು, ಆಮೇಲೆ ಹಿಂಗಾಲು ಎಳೆದುಕೊಳ್ಳುತ್ತಾನೆ. ನುಣುಪು ನೆಲದಲ್ಲಿ ಜಾರುತ್ತಿತ್ತು. ಅವನ ಹಾಸಿಗೆಯಿಂದ ನನ್ನ ಕುರ್ಚಿಯವರೆಗೂ ಒರಟು ಚಾಪೆ ಹಾಸಿದ್ದೇನೆ. ಈಗ ಧೈರ್ಯವಾಗಿ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಾನೆ. ನನಗಂತೂ ಅದರಷ್ಟು ಸುಖ ಬೇರೆ ಇಲ್ಲ. ಕೆಲವೊಮ್ಮೆ ಅವನಿಗಾಗಿ ಜೋರಾಗಿ ಓದುತ್ತೇನೆ. ದನಿ ನಿಲ್ಲಿಸಿದರೆ ಒಂದು ಕಿವಿ ಎತ್ತುತ್ತಾನೆ.

ಮಧ್ಯಾಹ್ನ ದಪ್ಪ ಪುಸ್ತಕ. ಸಂಜೆಗೆ ಕವಿತೆ, ಪ್ರಬಂಧ, ಇಲ್ಲವೇ ಸಣ್ಣ ಕತೆ. ಆ ಹೊತ್ತಿಗೆ ಚಿನ್ನಿ ಚೆಂಡು ತಂದು ತೊಡೆಯ ಮೇಲೆ ಹಾಕುತ್ತಾಳೆ, ಎರಡು ಪುಟಕ್ಕೊಮ್ಮೆ ಎಸೆಯಲೇಬೇಕು.