ತೋಟದ ಕಾಫಿ, ಕುದುರೆಮುಖದ ಚಾರಣ: ಒಂದೇ ಪ್ರವಾಸದಲ್ಲಿ ಹೇಗೆ?

ಶನಿವಾರ ಚಿಕ್ಕಮಗಳೂರಿನಲ್ಲಿ ಕಾಫಿ ತೋಟ, ಭಾನುವಾರ ಕುದುರೆಮುಖ, ಅದೇ ರಾತ್ರಿ ಬೆಂಗಳೂರು. ಹೀಗೆ ಲೆಕ್ಕ ಹಾಕಿ ಬರುವವರಿಗೆ ಎರಡರಲ್ಲಿ ಒಂದೂ ಸರಿಯಾಗಿ ದಕ್ಕುವುದಿಲ್ಲ. ತೋಟದಲ್ಲಿ ಕೆಲಸ ರಂಗೇರುವ ಹೊತ್ತಿಗೆ ಅವರು ಘಟ್ಟದ ತಿರುವುಗಳಲ್ಲಿರುತ್ತಾರೆ, ತುದಿ ಮುಟ್ಟಬೇಕಾದ ಹೊತ್ತಿಗೆ ಅರ್ಧ ದಾರಿಯಲ್ಲಿ ಮಂಡಿ ಹಿಡಿದು ಕೂತಿರುತ್ತಾರೆ. ಮೂರು ರಾತ್ರಿ ಇಟ್ಟುಕೊಳ್ಳಿ. ಅಷ್ಟು ರಜೆ ಇಲ್ಲವಾದರೆ ತೋಟ ಅಥವಾ ಬೆಟ್ಟ, ಒಂದನ್ನೇ ಆರಿಸಿ.

ತಿಂಗಳು ಡಿಸೆಂಬರ್. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ ನಡೆಯುತ್ತದೆ, ಮಳೆ ನಿಂತು ಬೆಟ್ಟದ ದಾರಿ ಗಟ್ಟಿಯಾಗಿರುತ್ತದೆ, ಇಂಬಳದ (ಜಿಗಣೆ) ಕಾಟವೂ ಇಳಿದಿರುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿದ ಮೇಲೆ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು.

ಮೊದಲು ಚಾರಣದ ಪರವಾನಗಿ, ಆಮೇಲೆ ರೂಮು. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಮಾಡಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಜಾಗ ಬೇಗ ಮುಗಿಯುತ್ತದೆ. ಚಾರಣವನ್ನು ವಾರದ ನಡುವೆ ಇಟ್ಟುಕೊಳ್ಳಿ. ಬುಕಿಂಗ್‌ನಲ್ಲಿರುವ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಲಿ, ಚೀಟಿಯ ಮೂಲಪ್ರತಿ ಕೈಯಲ್ಲಿರಲಿ. ಪರವಾನಗಿಯನ್ನು ಕಾಗದದಲ್ಲಿ ಪ್ರಿಂಟ್ ತೆಗೆದುಕೊಳ್ಳಿ, ಬೆಟ್ಟಕ್ಕೆ ಹೋಗುವ ದಾರಿಯ ಊರು ಕಳಸ, ಅದನ್ನು ದಾಟಿದ ಮೇಲೆ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಮೊದಲ ದಿನ ತೋಟ. ಇಲ್ಲಿ ಎಲ್ಲರೂ ಮಾಡುವ ತಪ್ಪು ಬೆಳಿಗ್ಗೆಯೇ ಹೋಗುವುದು. ಆಗ ಆಳುಗಳು ಗಿಡಗಳ ನಡುವೆ ಚದುರಿರುತ್ತಾರೆ, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿರುವ ಪಲ್ಪರ್ ಮನೆ ಖಾಲಿ ಇರುತ್ತದೆ. ಕೊಯ್ದ ಹಣ್ಣು ಬಂದು, ತೂಕವಾಗಿ, ಯಂತ್ರಕ್ಕೆ ಬೀಳುವುದು ಮಧ್ಯಾಹ್ನದ ಮೇಲೆ. ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು, ರಾಶಿಯಲ್ಲೇ ಬಿಟ್ಟರೆ ಹುಳಿಯೆದ್ದು ರುಚಿ ಕೆಡುತ್ತದೆ. ಹಾಗಾಗಿ ಮೂರು ಗಂಟೆಗೆ ಅಲ್ಲಿರಿ. ನೀರಿನ ತೊಟ್ಟಿಯಲ್ಲಿ ಜೊಳ್ಳು ತೇಲಿ ಬೇರೆಯಾಗುವುದು, ಸಿಪ್ಪೆ ಒಂದು ಕಡೆ ಬೀಜ ಒಂದು ಕಡೆ ಬೀಳುವುದು ಕಣ್ಣೆದುರೇ ಕಾಣುತ್ತದೆ. ಬೀಜಕ್ಕೆ ಅಂಟಿದ ಲೋಳೆ ಹುದುಗಿ ಬಿಡಲು ಅರೇಬಿಕಾಗೆ ಒಂದರಿಂದ ಒಂದೂವರೆ ದಿನ ಬೇಕು. ತೊಳೆದು ಕಣದಲ್ಲಿ ಹರವಿದ್ದು ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಒಣಗಿಸಿದ್ದು ಚೆರ್ರಿ. ಕಣದ ಮೇಲೆ ಚಪ್ಪಲಿ ಕಾಲಿಟ್ಟು ಫೋಟೊ ತೆಗೆಸಿಕೊಳ್ಳಬೇಡಿ. ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ತೋಟ ಖಾಸಗಿ ಜಾಗ, ಕೊಯ್ಲಿನಲ್ಲಿ ತೋಟದ ಮೇಲ್ವಿಚಾರಣೆ ನೋಡುವ ರೈಟರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ವಾರ ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ. ರುಚಿ ನೋಡುವ ಕಪ್ಪಿಂಗ್ ಇದ್ದರೆ ಊಟಕ್ಕೆ ಮುಂಚೆ ಕೇಳಿಕೊಳ್ಳಿ, ಸೆಂಟ್ ಹಾಕಿಕೊಂಡು ಹೋಗಬೇಡಿ. 150 ಮಿಲಿ ಬಿಸಿನೀರಿಗೆ ಸುಮಾರು 8 ಗ್ರಾಂ ಪುಡಿ, ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆಯನ್ನು ಚಮಚದಿಂದ ಒಡೆದು, ಸದ್ದು ಮಾಡಿ ಹೀರಬೇಕು. ಹಾಲು, ಸಕ್ಕರೆ ಕೇಳಬೇಡಿ.

ಎರಡನೇ ದಿನ ಆಲ್ದೂರು, ಬಾಳೆಹೊನ್ನೂರು ದಾಟಿ ಕಳಸ. ದೂರ ಹೆಚ್ಚಿಲ್ಲ, ಆದರೆ ತಿರುವುಗಳು ಬೇಕಾದಷ್ಟು. ಬೆಳಕಿರುವಾಗಲೇ ಮುಗಿಸಿ, ಇಳಿಜಾರಿನಲ್ಲಿ ಬ್ರೇಕಿನ ಬದಲು ಎರಡನೇ ಗೇರ್ ನಂಬಿ. ಪೆಟ್ರೋಲ್ ಕಳಸದಲ್ಲೇ ತುಂಬಿಸಿಕೊಳ್ಳಿ.

ರಾತ್ರಿ ಕಳಸದಲ್ಲಲ್ಲ, ಚಾರಣ ಶುರುವಾಗುವ ಮುಳ್ಳೋಡಿಯ ಹೋಂಸ್ಟೇಯಲ್ಲಿ ಉಳಿಯಿರಿ. ಈ ಪ್ರವಾಸ ಕೆಡುವುದೋ ಉಳಿಯುವುದೋ ತೀರ್ಮಾನವಾಗುವುದು ಇಲ್ಲೇ. ಸಂಸೆಯ ಕಡೆಯಿಂದ ಮುಳ್ಳೋಡಿಗೆ ಹೋಗುವ ದಾರಿ ಜೀಪಿನದು. ಸಣ್ಣ ಕಾರನ್ನು ಏರಿಸಲು ಹೋಗಿ ಕ್ಲಚ್ ಸುಟ್ಟುಕೊಳ್ಳಬೇಡಿ, ಕೆಳಗೇ ನಿಲ್ಲಿಸಿ. ಕಳಸದಲ್ಲಿ ಮಲಗಿದವರು ಬೆಳಿಗ್ಗೆ ಕಾರು, ಜೀಪು, ತಿಂಡಿ, ಚೆಕ್‌ಪೋಸ್ಟ್ ಎಂದು ಎರಡು ಗಂಟೆ ಕಳೆಯುತ್ತಾರೆ. ಆ ಎರಡು ಗಂಟೆ ಸಂಜೆ ಕತ್ತಲಾಗಿ ಎದುರು ನಿಲ್ಲುತ್ತದೆ.

ಮೂರನೇ ದಿನ ಚಾರಣ. ಲೆಕ್ಕ ಹೀಗಿದೆ. ಶಿಖರದ ಎತ್ತರ ಸುಮಾರು 1,890 ಮೀಟರ್, ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ಅಭ್ಯಾಸವಿಲ್ಲದವರಿಗೆ ಏರಲು ಐದು ಗಂಟೆ, ಇಳಿಯಲು ನಾಲ್ಕು. ಡಿಸೆಂಬರ್‌ನಲ್ಲಿ ಆರಕ್ಕೆ ಹೊತ್ತು ಮುಳುಗುತ್ತದೆ. ಚೆಕ್‌ಪೋಸ್ಟ್ ತೆರೆದ ಕೂಡಲೇ ಹೊರಡಿ. ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ, ತುದಿ ಎದುರಿಗೇ ಕಾಣುತ್ತಿದ್ದರೂ ಸರಿ. ಮೇಲೆ ಟೆಂಟ್ ಹಾಕಲು ಅನುಮತಿಯಿಲ್ಲ, ಸಂಜೆ ಹುಲ್ಲುಗಾವಲಿಗೆ ಕಾಟಿಗಳು (ಕಾಡುಕೋಣ) ಇಳಿಯುತ್ತವೆ.

ದಾರಿಯಲ್ಲಿ ಮೊದಲು ಹಳ್ಳಗಳು, ನೆರಳು. ಲೋಬೋ ಮನೆ ಎಂದು ಕರೆಯುವ ಹಳೆಯ ಮನೆಯ ಅವಶೇಷ, ಒಂಟಿ ಮರ ದಾಟಿದ ಮೇಲೆ ಬಯಲು ಹುಲ್ಲು, ನೆತ್ತಿ ಸುಡುವ ಬಿಸಿಲು, ಎಳೆದೊಯ್ಯುವ ಗಾಳಿ. ತಲಾ ಎರಡು ಲೀಟರ್ ನೀರು ಬೇಕು, ಬಾಟಲಿ ಸ್ಟೀಲಿನದಿರಲಿ, ಪ್ಲಾಸ್ಟಿಕ್‌ಗೆ ತಪಾಸಣೆಯಿದೆ. ಬುತ್ತಿಗೆ ಪುಳಿಯೋಗರೆ ಒಳ್ಳೆಯದು, ಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತದೆ. ಮಂಜು ಕವಿದರೆ ಗೈಡನ್ನು ಬಿಟ್ಟು ಹತ್ತು ಹೆಜ್ಜೆಯೂ ಹೋಗಬೇಡಿ. ಅಂಚಿನ ಆಚೆ ಪ್ರಪಾತ.

ಕಾಲು ಕೆಡುವುದು ಇಳಿಯುವಾಗ. ಬೆರಳುಗಳು ಬೂಟಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ಎರಡು ದಿನ ಮೊದಲೇ ಉಗುರು ಕತ್ತರಿಸಿ, ಇಳಿಯುವ ಮುಂಚೆ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿ ಮಾಡಿ. ಹೊಸ ಬೂಟು ಬೇಡ, ಜೀನ್ಸ್ ಬೇಡ. ಒಂದು ಕೋಲು ಇರಲಿ, ಹೆಜ್ಜೆ ಚಿಕ್ಕದಿರಲಿ.

ಮಳೆ ತಡವಾಗಿ ನಿಂತ ವರ್ಷ ಹಳ್ಳದ ಪಕ್ಕದಲ್ಲಿ ಇಂಬಳ ಹತ್ತುವುದುಂಟು. ಕಿತ್ತೆಳೆಯಬೇಡಿ. ಉಗುರನ್ನು ಅದರ ಬಾಯಿಯ ಅಂಚಿಗೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ ಅದರ ಬಾಯಲ್ಲಿದೆ, ಹಾಗಾಗಿ ಗಾಯ ಒಂದಷ್ಟು ಹೊತ್ತು ಒಸರುತ್ತದೆ. ಒತ್ತಿ ಹಿಡಿದು ಪಟ್ಟಿ ಹಾಕಿದರೆ ಸಾಕು.

ಆ ರಾತ್ರಿ ಸ್ಟೀರಿಂಗ್ ಮುಟ್ಟಬೇಡಿ. 20 ಕಿಲೋಮೀಟರ್ ನಡೆದ ಕಾಲು ಬ್ರೇಕ್ ಮೇಲೆ ನಡುಗುತ್ತದೆ. ಕಳಸದಲ್ಲಿ ಮಲಗಿ, ಬೆಳಿಗ್ಗೆ ಹೊರನಾಡಿನ ದರ್ಶನ ಮುಗಿಸಿ ಕೊಟ್ಟಿಗೆಹಾರ, ಮೂಡಿಗೆರೆ ಮೇಲೆ ಹಾಸನಕ್ಕೆ ಇಳಿಯಿರಿ.

ಕಾಫಿ ಕೊಳ್ಳುವುದು ಈ ಕೊನೆಯ ದಿನವೇ. ಮೊದಲೇ ಕೊಂಡರೆ ಕಾರಿನ ಬಿಸಿಗೆ ಪರಿಮಳ ಹೋಗುತ್ತದೆ. ಪುಡಿಯ ಬದಲು ಹುರಿದ ಬೀಜ ಕೊಳ್ಳಿ, ಹುರಿದ ದಿನಾಂಕ ಕೇಳಿ, ಕಾಲು ಕಿಲೋಗಿಂತ ಹೆಚ್ಚು ಬೇಡ. ಪೀಬೆರಿ ಎಂದರೆ ಬೇರೆ ತಳಿಯಲ್ಲ, ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಕೂತದ್ದು. ಅದಕ್ಕೆ ದುಪ್ಪಟ್ಟು ದುಡ್ಡು ಕೊಡುವ ಅಗತ್ಯವಿಲ್ಲ. ರಸ್ತೆ ಬದಿಯ ಅಂಗಡಿಗಳಲ್ಲಿ ‘ತೋಟದ ಕಾಫಿ’ ಎಂದು ಮಾರುವ ಪುಡಿಯಲ್ಲಿ ಅರ್ಧದಷ್ಟು ಚಿಕೋರಿ ಇರಬಹುದು. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿ. ಬಿಡಿ ಪುಡಿಯಾದರೆ ಒಂದು ಲೋಟ ತಣ್ಣೀರು ಕೇಳಿ, ಚಿಟಿಕೆ ಉದುರಿಸಿ. ಕಾಫಿ ತೇಲಿಕೊಂಡಿರುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕೆ ಇಳಿಯುತ್ತದೆ.