ಕೆಂಪು ದೀಪ ಹತ್ತುವ ಮೊದಲು

ನಮ್ಮ ಮನೆಯ ಫಿಯೆಟ್ 1971ರದ್ದು. 1100 ಡಿಲೈಟ್, 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಬೆಂಚಿನಂಥ ಉದ್ದ ಸೀಟು. ಅಪ್ಪ 1983ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ, ಅದೇ ರೈಲ್ವೆ ಲೈನಿನ ಮುಲುಂಡಿನಲ್ಲಿ ನಮ್ಮ ಕಟ್ಟಡದ ಕೆಳಗೆ ಮುದಿಯಾಗುತ್ತಿದೆ.

ನನ್ನ ಕೈಗೆ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ನಂಬುವಂಥದ್ದು ಅಂತ ಉಳಿದದ್ದು ಸ್ಪೀಡೋಮೀಟರು, ಪೆಟ್ರೋಲಿನ ಮುಳ್ಳು, ಮತ್ತೆ ಎರಡು ಕೆಂಪು ದೀಪ. ಒಂದು ಆಯಿಲ್‌ದು, ಇನ್ನೊಂದು ಬ್ಯಾಟರಿ ಚಾರ್ಜ್ ಮಾಡುವ ಡೈನಮೋದು. ಒಂದು ವರ್ಷ ಚೌತಿಗೆ ಊರಿಗೆ ಹೊರಟಿದ್ದೆವು, ಕುಂದಾಪುರಕ್ಕೆ. ಕಶೇಡಿ ಘಾಟಿ ಹತ್ತುವಾಗ ರೇಡಿಯೇಟರಿನ ಕೆಳಗಿನ ಹೋಸ್ ಸಣ್ಣಗೆ ಒಸರುತ್ತಾ ನೀರೆಲ್ಲ ಖಾಲಿಯಾಗಿತ್ತು. ಎಂಜಿನ್ ಎಳೆಯುವುದನ್ನು ಬಿಟ್ಟಾಗಲೇ ನಮಗೆ ಗೊತ್ತಾದದ್ದು. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹೋಗಿತ್ತು. ಪೋಲಾದಪುರದಿಂದ ಟೆಂಪೋದ ಮೇಲೆ ಹೇರಿಸಿಕೊಂಡು ಮುಂಬಯಿಗೆ ವಾಪಸು. ದಾರಿಯುದ್ದಕ್ಕೂ ಅಪ್ಪನದು ಒಂದೇ ಮಾತು: "ದೀಪ ಹತ್ತಲೇ ಇಲ್ಲ ಅಲ್ಲನಾ?"

ಹತ್ತುವುದಿಲ್ಲ. ನೀರಿಗೆ ದೀಪವೇ ಇರಲಿಲ್ಲ. ಇನ್ನು ಆಯಿಲ್ ದೀಪದ ಸ್ವಿಚ್ಚು ಸಾಧಾರಣವಾಗಿ ಒತ್ತಡ (ಚದರ ಸೆಂಟಿಮೀಟರಿಗೆ) ಅರ್ಧ ಕೆಜಿಗಿಂತ ಕೆಳಗೆ ಇಳಿದ ಮೇಲೆ ಎಚ್ಚರಾಗುವಂಥದ್ದು. ಓಡುವಾಗ ಮೂರು ಕೆಜಿ ಇರಬೇಕಾದದ್ದು ಒಂದೂವರೆಗೆ ಇಳಿದರೂ ದೀಪದ ಮಟ್ಟಿಗೆ ಎಲ್ಲ ಕ್ಷೇಮ. ಅದು ಹತ್ತಿತು ಅಂದರೆ ಬೇರಿಂಗ್ ಆಗಲೇ ಸವೆಯಲು ಶುರುವಾಗಿದೆ ಅಂತಲೇ ತಿಳಿಯಬೇಕು.

ಹಾಗಾಗಿ ಮೂರು ಮೀಟರ್ ಹಾಕುವುದು ಅಂತ ತೀರ್ಮಾನವಾಯಿತು: ಆಯಿಲ್ ಒತ್ತಡ, ನೀರಿನ ಬಿಸಿ, ವೋಲ್ಟ್. ಹಳೆ ಗಾಡಿಯವರು ಅನೇಕರು ಆಂಪಿಯರ್ ಮೀಟರ್ ಹಾಕು ಅನ್ನುತ್ತಾರೆ. ನೋಡಲು ಚೆಂದವೇ. ಆದರೆ ಸ್ಟಾರ್ಟರಿನದು ಬಿಟ್ಟು ಬ್ಯಾಟರಿಗೆ ಹೋಗಿಬರುವ ಕರೆಂಟೆಲ್ಲ ಅದರ ಮೂಲಕವೇ ಹರಿಯಬೇಕು, ದಪ್ಪ ವೈರನ್ನು ಡ್ಯಾಶ್‌ಬೋರ್ಡಿನ ತನಕ ತರಬೇಕು. ಐವತ್ತು ವರ್ಷದ ವೈರಿಂಗ್ ಇರುವ ಗಾಡಿಯಲ್ಲಿ ಆ ವೈರ್ ಎಲ್ಲೋ ತಗಡಿಗೆ ಉಜ್ಜಿದರೆ ಬೆಂಕಿಯೇ. ವೋಲ್ಟ್ ಮೀಟರಿಗೆ ಸಪೂರ ವೈರು, ಒಂದು ಚಿಕ್ಕ ಫ್ಯೂಸು ಸಾಕು.

ಡ್ಯಾಶ್‌ಬೋರ್ಡಿಗೆ ತೂತು ಕೊರೆಯಬಾರದು ಅನ್ನುವುದು ಅಪ್ಪನ ಷರತ್ತು. ಅಲ್ಯುಮಿನಿಯಂ ಪಟ್ಟಿಯಲ್ಲಿ 52 ಮಿಲಿಮೀಟರಿನ ಮೂರು ತೂತು ತೆಗೆಸಿ, ಕಪ್ಪು ಬಣ್ಣ ಬಳಿದು, ಡ್ಯಾಶ್‌ಬೋರ್ಡಿನ ಕೆಳ ಅಂಚಿನಲ್ಲಿ ಮೊದಲೇ ಇದ್ದ ಸ್ಕ್ರೂಗಳಿಗೆ ತೂಗುಹಾಕಿದೆ. ನಡುವೆ ಗೇರಿನ ಕೋಲು ಇಲ್ಲದ ಗಾಡಿಯಾದ್ದರಿಂದ ಜಾಗಕ್ಕೆ ಬರ ಇಲ್ಲ. ಅಪ್ಪ ಬಗ್ಗಿ ನೋಡಿದರು. "ಎಂತದಾ ಮಾರಾಯ, ವಿಮಾನ ಹಾರಿಸ್ಲಿಕ್ಕೆ ಹೊರಟಿದ್ದಿಯಾ?"

ಜೋಡಿಸುವ ಮೊದಲು ಮಾಡಿದ ಒಂದು ಕೆಲಸ ಮಾತ್ರ ಯಾರು ಏನೇ ಅಂದರೂ ಬಿಡಬೇಡಿ. ನೀರಿನ ಮೀಟರನ್ನೂ, ನೀರಿನ ಬಿಸಿಯನ್ನು ಅದಕ್ಕೆ ತಿಳಿಸುವ ಸೆಂಡರನ್ನೂ ಅಡುಗೆಮನೆಗೆ ಒಯ್ದೆ. ಪಾತ್ರೆಯಲ್ಲಿ ನೀರು, ಅದರೊಳಗೆ ದಾರ ಕಟ್ಟಿ ಇಳಿಬಿಟ್ಟ ಸೆಂಡರು, ಪಕ್ಕದಲ್ಲಿ ಒಂದು ಥರ್ಮಾಮೀಟರು, ಕಟ್ಟೆಯ ಮೇಲೆ 12 ವೋಲ್ಟಿನ ಬ್ಯಾಟರಿ. ಹೆಂಡತಿ ಚಹಾದ ಪಾತ್ರೆ ಎತ್ತಿಕೊಂಡು ಆಚೆ ಹೋದಳು. ಮುಂಬಯಿ ಸಮುದ್ರ ಮಟ್ಟದಲ್ಲಿದೆ, ನೀರು ನೂರು ಡಿಗ್ರಿಗೆ ಕುದಿಯಲೇಬೇಕು. ಕುದಿಯುವಾಗ ನನ್ನ ಮುಳ್ಳು ತೋರಿಸಿದ್ದು 108. ಅಂಗಡಿಯವ ಬೇರೆ ಮೀಟರಿನ ಸೆಂಡರನ್ನು ಜೊತೆ ಮಾಡಿ ಕೊಟ್ಟಿದ್ದ. ಬಿಸಿಗೆ ತಕ್ಕಂತೆ ಸೆಂಡರಿನ ರೆಸಿಸ್ಟೆನ್ಸ್ ಇಳಿಯುತ್ತದೆ, ಆ ಇಳಿಕೆಯನ್ನು ಓದುವುದೇ ಮೀಟರಿನ ಕೆಲಸ. ಇವೆರಡೂ ಒಂದೇ ಜೋಡಿಯಾಗಿರದಿದ್ದರೆ ಮುಳ್ಳು ಅದರ ಪಾಡಿಗೆ ಅದು. ಬದಲಾಯಿಸಿ ತಂದದ್ದು 99 ತೋರಿಸಿತು. ಸಾಕು.

ಆಯಿಲ್ ಮೀಟರಿನಲ್ಲಿ ನಾನು ಜಾಣತನ ತೋರಿಸಲು ಹೋಗಿ ಪೆಟ್ಟು ತಿಂದೆ. ಎಲೆಕ್ಟ್ರಿಕ್ ನಂಬಬಾರದು, ಮೆಕ್ಯಾನಿಕಲ್ಲೇ ಸೈ ಅಂತ ತಂದದ್ದು. ಇದರಲ್ಲಿ ಎಂಜಿನ್ನಿನ ಆಯಿಲೇ ಸಪೂರ ಪೈಪಿನಲ್ಲಿ ಮೀಟರಿನ ತನಕ ಬರುತ್ತದೆ. ಮೊದಲ ತೊಡಕು ಥ್ರೆಡ್‌ದು. ಇಟಲಿಯ ಹುಟ್ಟಿನ ಎಂಜಿನ್, ಆಯಿಲ್ ಸ್ವಿಚ್ಚು ಕೂರುವ ಬ್ಲಾಕಿನ ತೂತು ಮೆಟ್ರಿಕ್. ಮೀಟರಿನ ಜೊತೆ ಬಂದ ಹಿತ್ತಾಳೆ ತುಂಡಿನದು ಇಂಚಿನ ಲೆಕ್ಕದ ಪೈಪ್ ಥ್ರೆಡ್. ಇಂಥವು ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತವೆ, ಆಮೇಲೆ ಬಿಗಿಯಾಗುತ್ತವೆ. ಸ್ಪ್ಯಾನರಿಗೆ ಜೋರು ಕೊಟ್ಟರೆ ಹಾಳಾಗುವುದು ಬ್ಲಾಕು. ಕುರ್ಲಾದ ಸಿಎಸ್‌ಟಿ ರೋಡಿನ ಹಿಂದಿನ ಗಲ್ಲಿಯಲ್ಲಿ ಲೇತ್ ಇಟ್ಟುಕೊಂಡಿರುವವನ ಬಳಿ ಹಳೆ ಸ್ವಿಚ್ಚನ್ನೇ ಒಯ್ದೆ. ಅವನು ಥ್ರೆಡ್ ಗೇಜ್ ಹಿಡಿದು ನೋಡಿ, "ಚೂಡಿ ಅಲಗ್ ಹೈ", ಥ್ರೆಡ್ಡೇ ಬೇರೆ, ಅಂದು, ಅದಕ್ಕೆ ಕೂರುವಂಥ ಹಿತ್ತಾಳೆಯ ಟಿ ಒಂದನ್ನು ಮಾಡಿಕೊಟ್ಟ. ಒಂದು ಕೈಗೆ ಮೀಟರಿನ ಪೈಪು, ಇನ್ನೊಂದಕ್ಕೆ ಹಳೆಯ ಕೆಂಪು ದೀಪದ ಸ್ವಿಚ್ಚು. ದೀಪವನ್ನು ತೆಗೆಯಬೇಡಿ. ಮೀಟರನ್ನು ನಾವು ನೋಡಬೇಕು, ದೀಪ ತಾನಾಗಿ ಕಣ್ಣಿಗೆ ಬೀಳುತ್ತದೆ.

ಎರಡನೆಯದು ಪೈಪು. ಜೊತೆಗೆ ಬಂದದ್ದು ನೈಲಾನಿನದು. ತಗಡಿನ ಗೋಡೆಯಲ್ಲಿ ರಬ್ಬರ್ ಬುಷ್ ಹಾಕಿಯೇ ದಾಟಿಸಿದ್ದೆ, ಅಲ್ಲಿ ತಪ್ಪಿರಲಿಲ್ಲ. ಎಂಜಿನ್ ಕಡೆ ಮಾತ್ರ ಒಂದೇ ಕಡೆ ಕಟ್ಟಿ, ಉಳಿದದ್ದನ್ನು ಸಡಿಲ ಬಿಟ್ಟಿದ್ದೆ. ಎರಡನೇ ವಾರ ಪನ್ವೇಲಿನ ಹತ್ತಿರ ಮುಳ್ಳು ಸರ್ರನೆ ಸೊನ್ನೆಗೆ ಬಿತ್ತು, ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ. ಪೈಪು ಜೋತುಬಿದ್ದು ಸೈಲೆನ್ಸರಿನ ಬೆಂಡಿಗೆ ತಾಗಿ ಕರಗಿತ್ತು, ಬಿಸಿ ಆಯಿಲ್ ಅದರ ಮೇಲೆಯೇ ಚಿಮ್ಮುತ್ತಿತ್ತು. ಎಂಜಿನ್ ಕೂಡಲೇ ಆಫ್ ಮಾಡಿದ್ದರಿಂದ ಬಚಾವು. ಎಂಜಿನ್ ಕಾಯಲು ಹಾಕಿದ ಮೀಟರೇ ಎಂಜಿನ್ನಿನ ರಕ್ತ ಹರಿಸಿತ್ತು. ಟಿ ಬಿಚ್ಚಿ, ಹಳೆ ಸ್ವಿಚ್ಚನ್ನು ನೇರ ಬ್ಲಾಕಿಗೆ ಹಾಕಿ, ಡಿಕ್ಕಿಯಲ್ಲಿದ್ದ 20ಡಬ್ಲ್ಯೂ-50 ಆಯಿಲ್ ಸುರಿದು ಮನೆಗೆ ಬಂದೆ. ಈಗ ತಾಮ್ರದ ಪೈಪಿದೆ, ಟಿಯ ಹತ್ತಿರ ಎರಡು ಸುತ್ತು ಸುರುಳಿ ಬಿಟ್ಟು. ಎಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ. ನೇರ ಎಳೆದರೆ ತಾಮ್ರ ಒಂದು ದಿನ ಬಿರುಕು ಬಿಡುತ್ತದೆ.

ನೀರಿನ ಸೆಂಡರಿಗೆ ಮೇಲಿನ ಹೋಸನ್ನು ಕತ್ತರಿಸಿ ನಡುವೆ ಅಲ್ಯುಮಿನಿಯಂ ತುಂಡು ಕೂರಿಸಿದೆ. ಸುಲಭದ ಕೆಲಸ. ಮೀಟರ್ ಸತ್ತಂತೆ ಬಿದ್ದಿತ್ತು. ಒಂದು ಭಾನುವಾರವಿಡೀ ವೈರ್ ಹಿಡಿದು ಕೂತು, ಕೊನೆಗೆ ಭಾಂಡುಪಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅಫಜಲಪುರದ ಕಡೆಯವರು, ನನ್ನ ಹೆಸರು ಕೇಳಿದಂದಿನಿಂದ ಕನ್ನಡದಲ್ಲೇ ಮಾತು. ಬಾನೆಟ್ ಎತ್ತಿದವರೇ ನಕ್ಕರು. "ಸರ, ಎರಡೂ ಕಡೆ ರಬ್ಬರ್ ಐತಿ. ಇದಕ್ಕ ಅರ್ಥ್ ಎಲ್ಲಿಂದ ಬರಬೇಕ್ರಿ?" ಹೌದಲ್ಲ! ಒಂದೇ ವೈರಿನ ಸೆಂಡರು ತನ್ನ ಮೈಯಿಂದಲೇ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸು ಹೋಗುವ ದಾರಿ, ಪಡೆಯುತ್ತದೆ. ರಬ್ಬರಿನ ನಡುವೆ ತೇಲುತ್ತಿರುವ ತುಂಡಿಗೆ ಅದು ಸಿಗುವುದು ಹೇಗೆ? ತುಂಡಿನಿಂದ ಎಂಜಿನ್ ಬ್ಲಾಕಿಗೆ ಒಂದು ಗೇಣು ವೈರ್ ಎಳೆದರು, ಮುಳ್ಳು ಎದ್ದಿತು. ಬ್ಲಾಕಿಗೇ ಸೆಂಡರ್ ಹಾಕುವವರು ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಂಡಿಯಾಗಿ ಸುತ್ತಿದರೂ ಇದೇ ಕತೆ.

ಅಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿದರೆ ನೀರಿನ ಮುಳ್ಳು ಐದಾರು ಡಿಗ್ರಿ ಮೇಲೆ ಹೋಗುತ್ತಿತ್ತು. ದೀಪಕ್ಕೂ ಎಂಜಿನ್ನಿನ ನೀರಿಗೂ ಎಲ್ಲಿಯ ಸಂಬಂಧ? ಮೀಟರುಗಳ ಅರ್ಥನ್ನು ನಾನು ಆ ಪಟ್ಟಿಯ ಸ್ಕ್ರೂವಿಗೇ ಕಟ್ಟಿದ್ದೆ, ಸ್ಕ್ರೂ ಇದ್ದದ್ದು ಹಳೆ ಬಣ್ಣದ ಮೇಲೆ. ಹೆಡ್‌ಲೈಟಿನ ಜೊತೆಗೇ ಹತ್ತುವ ಮೀಟರಿನೊಳಗಿನ ಬಲ್ಬುಗಳ ಕರೆಂಟೂ ಅದೇ ಹರಕು ದಾರಿಯಲ್ಲಿ ವಾಪಸು ಹೋಗಬೇಕು. ಬಲ್ಬ್ ಹತ್ತಿದರೆ ಮೀಟರಿನ ಲೆಕ್ಕ ಕೆಡುತ್ತದೆ. "ಅರ್ಥ್ ಇಲ್ಲದ ಮೀಟರಿಗೆ ಅರ್ಥಾನೇ ಇಲ್ರಿ ಸರ," ಅಂದರು ಅವರು, ತಮ್ಮ ಮಾತಿಗೆ ತಾವೇ ಖುಷಿಪಟ್ಟು. ಬಣ್ಣ ಕೆರೆದು, ರಿಂಗ್ ಟರ್ಮಿನಲ್ ಹಾಕಿ, ಬ್ಯಾಟರಿಯ ನೆಗೆಟಿವ್‌ಗೆ ಪ್ರತ್ಯೇಕ ವೈರ್ ಕೊಟ್ಟೆವು. ಎಂಜಿನ್ನಿನಿಂದ ಬಾಡಿಗೆ ಬರುವ ಪಟ್ಟಿಯೂ ಹಸಿರು ಕಿಲುಬು ಹಿಡಿದಿತ್ತು, ಹೊಸದು ಹಾಕಿದೆವು. ಸೆಲ್ಫ್ ಕೂಡ ಚುರುಕಾಯಿತು, ಅದು ಲಾಭ.

ಕೊನೆಯ ಪರೀಕ್ಷೆ ಖಂಡಾಲಾ ಘಾಟಿ, ಹಳೆಯ ಹೆದ್ದಾರಿಯಲ್ಲಿ ಖೋಪೋಲಿಯಿಂದ ಮೇಲಕ್ಕೆ. ಶಿಂಗ್ರೋಬಾನ ಗುಡಿಯ ಮುಂದೆ ಅಪ್ಪ ಎಂದಿನಂತೆ ನಾಣ್ಯ ಹಾಕಿದರು. ಬಯಲಿನಲ್ಲಿ 82 ಇದ್ದ ನೀರು ಘಾಟಿಯಲ್ಲಿ 96ಕ್ಕೆ ಹೋಗಿ ನಿಂತಿತು. ರೇಡಿಯೇಟರಿನ ಮುಚ್ಚಳ ಕುಕ್ಕರಿನ ವೇಟಿನ ಹಾಗೆ ಒಳಗೆ ಒತ್ತಡ ಹಿಡಿಯುವುದರಿಂದ ನೂರು ದಾಟಿದರೂ ಒಮ್ಮೆಲೇ ಕುದಿಯುವುದಿಲ್ಲ. ಹೆದರಬೇಕಾದದ್ದು ಘಾಟಿಯ ನಡುವೆ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಂದರೆ. ನೀರು ಖಾಲಿಯಾಗಿ ಸೆಂಡರು ಬರೀ ಹಬೆಯಲ್ಲಿ ನಿಂತರೆ ಮೀಟರು ತಣ್ಣಗಿದೆ ಅನ್ನುತ್ತದೆ. ಕಶೇಡಿಯಲ್ಲಿ ಈ ಮೀಟರು ಇದ್ದಿದ್ದರೂ, ಇದು ಗೊತ್ತಿಲ್ಲದಿದ್ದರೆ ನಾನು ನೆಮ್ಮದಿಯಾಗಿ ಓಡಿಸುತ್ತಲೇ ಇರುತ್ತಿದ್ದೆ.

ಸುಮ್ಮನೆ ಜೊತೆಗಿರಲಿ ಅಂತ ಹಾಕಿದ ವೋಲ್ಟ್ ಮೀಟರೇ ದಿನನಿತ್ಯ ಹೆಚ್ಚು ಕೆಲಸಕ್ಕೆ ಬಂದದ್ದು. ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡಲಿನಲ್ಲಿ ಡೈನಮೋ ಚಾರ್ಜ್ ಮಾಡುವುದಿಲ್ಲ. ಮಳೆಗಾಲದ ಸಂಜೆ, ಸಯನ್ ಸಿಗ್ನಲ್ಲು, ಹೆಡ್‌ಲೈಟು, ವೈಪರು: ಓಡುವಾಗ 13.8 ಇದ್ದದ್ದು ಕಣ್ಣೆದುರೇ 11.8ಕ್ಕೆ ಇಳಿಯುತ್ತದೆ. ಬ್ಯಾಟರಿ ವರ್ಷ ವರ್ಷ ಯಾಕೆ ಸಾಯುತ್ತಿತ್ತು ಅನ್ನುವುದು ಆಗ ತಿಳಿಯಿತು. ಈಗ ಸಿಗ್ನಲ್ಲಿನಲ್ಲಿ ಅಪ್ಪನೇ ಕೈಚಾಚಿ ಹೆಡ್‌ಲೈಟ್ ಆರಿಸಿ ಪಾರ್ಕ್ ಲೈಟಿಗೆ ತರುತ್ತಾರೆ.

ಗ್ಲೋವ್ ಬಾಕ್ಸಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ತಣ್ಣಗಿನ ಸ್ಟಾರ್ಟಿಗೆ ಆಯಿಲ್ ಒತ್ತಡ ಎಷ್ಟು, ಬಿಸಿಯಾದ ಮೇಲೆ ಅರವತ್ತರ ಸ್ಪೀಡಿಗೆ ಎಷ್ಟು, ಬಿಸಿ ಐಡಲಿನಲ್ಲಿ ಎಷ್ಟು. ನಾಲ್ಕು, ಮೂರು, ಒಂದು ಕೆಜಿ. ಬೇರೆಯವರ ಫಿಯೆಟ್ಟಿನ ಲೆಕ್ಕ ಇದಕ್ಕೆ ಬರುವುದಿಲ್ಲ, ಇದರ ನಿನ್ನೆಯ ಲೆಕ್ಕವೇ ಇದಕ್ಕೆ ಅಳತೆ. ಈ ಬೇಸಿಗೆಯಿಂದ ಆ ಒಂದು 0.8 ಆಗಿದೆ. ಆಯಿಲ್ ಬದಲಾಯಿಸಿ ನೋಡಿದೆ, ಏರಲಿಲ್ಲ. ಕೆಂಪು ದೀಪ ಇನ್ನೂ ಹತ್ತಿಲ್ಲ. ದೀಪಾವಳಿ ಕಳೆದ ಮೇಲೆ ಎಂಜಿನ್ನಿನ ಕೆಳಗಿನ ಆಯಿಲ್ ಸಂಪ್ ಬಿಚ್ಚಿ ಬೇರಿಂಗ್ ನೋಡುವುದು ಅಂತ ಮೆಕ್ಯಾನಿಕ್ಕಿಗೆ ಹೇಳಿಟ್ಟಿದ್ದೇನೆ. ಅಲ್ಲಿಯ ತನಕ ಘಾಟಿ ಬೇಡ ಅಂತ ಅಪ್ಪನೂ ಒಪ್ಪಿದ್ದಾರೆ, ಈ ಚೌತಿಗೆ ಊರಿಗೆ ರೈಲಿನ ಟಿಕೆಟ್ ತೆಗೆದಾಗಿದೆ.